ಸಣ್ಣಮಾದಯ್ಯನ ಡಿಸ್ಚಾರ್ಜ್ ಫೋಟೊ

ಕಳೆದ ಹತ್ತೊಂಬತ್ತು ವರ್ಷದಲ್ಲಿ ಮೈಸೂರಿನಲ್ಲಿ ಮದುವೆಯಾದವರೆಲ್ಲ ಸಿದ್ದಲಿಂಗಮ್ಮ ತಿಕ್ಕಿದ ಹಂಡೆಯ ಅನ್ನ ಉಂಡವರೇ. ಎಲ್ಲರೂ ಅಂದರೆ ಎಲ್ಲರೂ. ಮದುವೆಯಾಗಿ ಮೂರೇ ತಿಂಗಳಿಗೆ ಕೋರ್ಟು ಹತ್ತಿದವರೂ ಸೇರಿ. ಬೋಗಾದಿಯ ಕಲ್ಯಾಣ ಮಂಟಪದ ಹಿತ್ತಲಲ್ಲಿ ಅವಳು ತೊಳೆದ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಾಮುಂಡಿ ಬೆಟ್ಟ ಅದರ ಮಗ್ಗುಲಲ್ಲಿ ಗೋಲಿಗುಂಡಿನಂತೆ ಕಾಣುತ್ತಿತ್ತು. ನಂಬದವರು ಪೇರಿಸಿ ನೋಡಬಹುದು. ತೊಳೆದುಕೊಡಲು ಮಾತ್ರ ಅವಳನ್ನು ಕರೆಯಬಾರದು, ಅವಳಿಗೆ ಪುರುಸೊತ್ತಿಲ್ಲ.

ಕೆಲಸ ಹೇಳಿದಷ್ಟು ಸಲೀಸಲ್ಲ. ಎಂಟುನೂರು ಜನರ ಅನ್ನ ಬೆಂದ ಹಂಡೆಗೆ ಕೈ ಹಾಕಿದರೆ ತಳ ಸಿಗುವುದಿಲ್ಲ. ತಲೆ, ಹೆಗಲು, ಎದೆ ಎಲ್ಲವನ್ನೂ ಒಳಗೆ ತೂರಿಸಬೇಕು. ಒಳಗೆ ಕತ್ತಲೆ. ಸೋಪಿನ ನೀರು ಕಣ್ಣಿಗೆ ಬೀಳುತ್ತದೆ. ತಳ ಹಿಡಿದ ಪಾಯಸ ಕಲ್ಲಾಗಿರುತ್ತದೆ. ಸೌಟಿನ ಹಿಂಬದಿಯಿಂದ ಹೆರೆಯಬೇಕು. ಬೆರಳ ಸಂದಿಯಲ್ಲಿ ನೀರುಹುಣ್ಣು. ಉಗುರು ಎಂಬುದು ಇಲ್ಲವೇ ಇಲ್ಲ. ಊಟ ಎಲ್ಲರದೂ ಆದ ಮೇಲೆ, ಹಿತ್ತಲಲ್ಲಿ, ಉಳಿದಿದ್ದರೆ. ಮಂಟಪದ ಮುಂಬಾಗಿಲು ಯಾವ ಬಣ್ಣದ್ದೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಅವಳಿಗೆ ಅಲ್ಲಿ ಬಾಗಿಲಿಲ್ಲ. ಸಂದಿಯಿದೆ.

ಆದರೆ ಒಂದು ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಏಳು ಜಿಲ್ಲೆಯಲ್ಲಿಲ್ಲ. ಮದುವೆ ಮುಗಿದಾಗ ಮಂಟಪದ ಪಾತ್ರೆ, ಬಾಡಿಗೆ ಅಂಗಡಿಯ ಪಾತ್ರೆ, ಅಡುಗೆಯವರ ಸ್ವಂತ ಪಾತ್ರೆ ಎಲ್ಲ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಒಂದೊಂದರ ಕಂಠದ ಮೇಲೂ ಯಾರದೆಂದು ತಿಳಿಯಲು ಒಂದೊಂದು ಗುರುತು. ಬಣ್ಣದ ಚುಕ್ಕೆ, ಉಳಿಯ ಗೀಟು, ಕೊರೆದ ಅಕ್ಷರ. ಸಿದ್ದಲಿಂಗಮ್ಮನಿಗೆ ಓದಲು ಬಾರದು. ಆದರೆ ಒಂದು ಸಲ ಕಂಡ ಗುರುತನ್ನು ಅವಳ ಕಣ್ಣು ಬಿಡುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಚಮಚ ಬೇರೆಯವರ ಗಾಡಿ ಹತ್ತಿ ಹೋಗಿಲ್ಲ.

ಗಂಡ ಸಣ್ಣಮಾದಯ್ಯ ಮಂಡಿ ಮೊಹಲ್ಲಾದ ಹಮಾಲಿ. ಊರು ತಿಂದ ಅಕ್ಕಿಯಲ್ಲಿ ಅರ್ಧ ಅವನ ಬೆನ್ನಿನ ಮೇಲೆ ಸವಾರಿ ಮಾಡಿಕೊಂಡೇ ಬಂದದ್ದು. ಉಳಿದರ್ಧವನ್ನೂ ಅವನೇ ಹೊರುತ್ತಿದ್ದ, ಒಂದು ಬೆಳಿಗ್ಗೆ ಲಾರಿಗೂ ಅಂಗಡಿಯ ಜಗುಲಿಗೂ ನಡುವೆ ಹಾಕಿದ್ದ ಹಲಗೆ ಜಾರದಿದ್ದರೆ. ಕೆಳಗೆ ಸಣ್ಣಮಾದಯ್ಯ. ಮೇಲೆ ಐವತ್ತು ಕೆಜಿ ಸಕ್ಕರೆ. ಅಂಗಡಿಯವರು ಓಡಿಬಂದು ಮೊದಲು ಮೂಟೆಯನ್ನು ಎತ್ತಿದರು. ಹರಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಹರಿದಿರಲಿಲ್ಲ. ಆಮೇಲೆ ಸಣ್ಣಮಾದಯ್ಯನನ್ನು ನೋಡಿದರು. ಸೊಂಟದ ಚಪ್ಪೆ ಮುರಿದಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಚಪ್ಪೆ ಕೀಲಿನ ಗುಂಡು ಬದಲಾಯಿಸಬೇಕು. ಇಲ್ಲಿ ಸರದಿ ಉದ್ದ ಇದೆ. ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ ಹೊರಗಡೆ ಮಾಡಿಸ್ಕೊಳಿ" ಎಂದು ಚೀಟಿ ಬರೆದುಕೊಟ್ಟರು. ಹಾಗೆ ಅವರು ರಿಂಗ್ ರೋಡಿನ ಪಕ್ಕದ ಗಾಜಿನ ಆಸ್ಪತ್ರೆಗೆ ಬಂದರು. ಆ ಗಾಜಿನಲ್ಲಿ ಅರ್ಧ ಮೈಸೂರು ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಗಾಜು. ಆಟೊ ಮುಂದಿನ ಗೇಟಿನಲ್ಲಿ ನಿಂತಿತು. ಕಾವಲಿನವನು ಸಿದ್ದಲಿಂಗಮ್ಮನ ಸೆರಗನ್ನೂ ಅವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನೂ ನೋಡಿದ.

"ಕಾರ್ಡಾ?"

"ಹೂಂ."

"ಹಿಂದ್ಗಡೆ."

ಹಿಂದುಗಡೆ ಅಂದರೆ ಜನರೇಟರು ಮತ್ತು ಕಸದ ಡಬ್ಬಗಳ ನಡುವಿನ ದಾರಿ. ಸಿದ್ದಲಿಂಗಮ್ಮನಿಗೆ ಬೇಸರವಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಬೇಸರವಾಯಿತು. ಆದರೆ ದಾರಿ ತಪ್ಪಲಿಲ್ಲ. ಎಲ್ಲ ದೊಡ್ಡ ಕಟ್ಟಡಗಳ ಹಿತ್ತಲೂ ಅವಳಿಗೆ ಬಾಯಿಪಾಠ.

ಮೆಟ್ಟಿಲ ಕೆಳಗೆ ಒಂದು ಮೇಜು. ಅದರ ಹಿಂದೆ ತನುಶ್ರೀ. ಕಾರ್ಡಿನವರಿಗೆ ಸಹಾಯ ಮಾಡಲೆಂದು ಯೋಜನೆಯವರು ಕೂರಿಸಿದ ಹುಡುಗಿ. ಸಂಬಳ ಸರ್ಕಾರದ್ದು, ಕುರ್ಚಿ ಆಸ್ಪತ್ರೆಯದು. ಆದ್ದರಿಂದ ಅವಳು ಯಾವಾಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

"ಎಷ್ಟಾಯ್ತದೆ ಮಗ?" ಎಂದಳು ಸಿದ್ದಲಿಂಗಮ್ಮ.

"ಒಂದ್ರುಪಾಯೂ ಇಲ್ಲ ಕಣಮ್ಮ. ನಿಮ್ಮ ಮನೆಗೆ ವರ್ಷಕ್ಕೆ ಐದು ಲಕ್ಷದ ತನಕ ಸರ್ಕಾರ ಕೊಡುತ್ತೆ."

ಸಿದ್ದಲಿಂಗಮ್ಮ ಹಿಂದಕ್ಕೆ ತಿರುಗಿ ನೋಡಿದಳು, ಈ ಮಾತು ಬೇರೆ ಯಾರಿಗೋ ಹೇಳಿದ್ದಿರಬೇಕೆಂದು. ಹಿಂದೆ ಗೋಡೆಯಿತ್ತು.

"ನಂಗಾ? ಐದು ಲಕ್ಷವಾ?"

"ನಿಮ್ಮ ಕೈಗಲ್ಲ, ಆಸ್ಪತ್ರೆಗೆ. ಒಂದೊಂದು ಆಪರೇಷನ್‌ಗೂ ಒಂದೊಂದು ಪ್ಯಾಕೇಜು ಅಂತ ರೇಟು ಕಟ್ಟಿರ್ತಾರೆ. ಚಪ್ಪೆಯ ಗುಂಡು, ಔಷಧಿ, ಹಾಸಿಗೆ, ಊಟ ಎಲ್ಲ ಅದ್ರೊಳಗೇ. ಐದು ದಿನ ಇದ್ರೂ ಅಷ್ಟೇ, ಐವತ್ತು ದಿನ ಇದ್ರೂ ಅಷ್ಟೇ."

"ಅಷ್ಟು ದುಡ್ಡು ಎಲ್ಲಿಂದ ಬತ್ತದೆ?"

"ನಿಮ್ಮಂಥ ಕಾರ್ಡಿಗೆ ನೂರಕ್ಕೆ ಅರವತ್ತು ದೆಲ್ಲಿಯವರು ಹಾಕ್ತಾರೆ, ನಲವತ್ತು ಬೆಂಗಳೂರಿನವರು. ಕೆಲವು ಕಾರ್ಡಿಗೆ ಪೂರ್ತಿ ಬೆಂಗಳೂರಿನವರೇ. ಅಲ್ಲೊಂದು ಆಫೀಸಿದೆ, ಅಲ್ಲಿಂದ ಆಸ್ಪತ್ರೆಗೆ ಬರುತ್ತೆ."

"ದೆಲ್ಲಿಯೋರ್ಗೆ ಎಲ್ಲಿಂದ ಬತ್ತದೆ?"

ತನುಶ್ರೀ ಟೈಪು ಮಾಡುವುದನ್ನು ನಿಲ್ಲಿಸಿದಳು. ಇಷ್ಟು ದೂರ ಬೆನ್ನು ಹತ್ತಿ ಬಂದವರು ಯಾರೂ ಇರಲಿಲ್ಲ. "ಜನ ಕಟ್ಟೋ ತೆರಿಗೆಯಿಂದ ಕಣಮ್ಮ. ನೀವು ಬಿಸ್ಕತ್ತು ತಗೊಂಡ್ರೂ ಅದ್ರಲ್ಲಿ ಸೇರಿರುತ್ತೆ. ಸೋಪಿನ ಪುಡಿ ತಗೊಂಡ್ರೂ ಸೇರಿರುತ್ತೆ."

ಸೋಪಿನ ಪುಡಿ! ಮಂಟಪದವರು ಕೊಡುವ ಪುಡಿ ಅರ್ಧ ಹಂಡೆಗೆ ಸಾಲದು. ಉಳಿದದ್ದನ್ನು ಸಿದ್ದಲಿಂಗಮ್ಮ ಕೈಯಿಂದ ಹಾಕಿಕೊಳ್ಳುತ್ತಿದ್ದಳು. ಅವಳು ಕೊಂಡಷ್ಟು ಸೋಪಿನ ಪುಡಿಯನ್ನು ಕುಕ್ಕರಹಳ್ಳಿ ಕೆರೆಗೆ ಸುರಿದರೆ ನೊರೆ ಅರಮನೆಯ ಗೋಪುರ ಮುಟ್ಟುತ್ತಿತ್ತು.

"ಅಂಗಾದ್ರೆ ಈ ಬಿಲ್ಡಿಂಗ್ನಲ್ಲಿ ನಂದೂ ಒಂದು ಕಂಬ ಅದೆ ಅನ್ನು."

"ಒಂದ್ಯಾಕಮ್ಮ, ಎರಡು ಇಟ್ಕೊಳಿ. ಆದ್ರೆ ಹೋಗೋ ದಿನ ಮರೀಬೇಡಿ. ಪೇಷೆಂಟ್‌ದು ಒಂದು ಫೋಟೊ, ಒಂದು ಹೆಬ್ಬೆಟ್ಟು, ಮನೆಯವರು 'ಚಿಕಿತ್ಸೆ ಉಚಿತವಾಗಿ ಆಯ್ತು' ಅಂತ ಹೇಳೋ ಒಂದು ವಿಡಿಯೊ. ಅದು ಬೆಂಗಳೂರಿಗೆ ಹೋದ್ಮೇಲೇ ಆಸ್ಪತ್ರೆಗೆ ದುಡ್ಡು ಬರೋದು."

ಕಾರ್ಡಿನವರ ವಾರ್ಡಿನಲ್ಲಿ ಎಂಟು ಹಾಸಿಗೆ. ಗಂಡಸರು, ಹೆಂಗಸರು ಎಲ್ಲ ಅಲ್ಲೇ. ನಡುವೆ ಒಂದು ಹಸಿರು ಪರದೆ. ನರ್ಸುಗಳು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಸ್ಕೀಮ್ ನಾಲ್ಕಕ್ಕೆ ಇಂಜೆಕ್ಷನ್ ಆಯ್ತಾ?" ಎನ್ನುತ್ತಿದ್ದರು. ಸಣ್ಣಮಾದಯ್ಯ ಸ್ಕೀಮ್ ನಾಲ್ಕು. ಪರದೆಯ ಆಚೆ ಸ್ಕೀಮ್ ಐದು ಮಂಡಕಳ್ಳಿಯ ಪ್ರೇಮಲೀಲಾ, ಗಂಡನಿಲ್ಲದವಳು. ಅವಳು ಪೂರ್ತಿ ಇಳಿಯುವ ಮೊದಲೇ ಬಸ್ಸು ಹೊರಟಿತ್ತು. ಬಸ್ಸಿಗೆ ಎರಡು ಸೆಕೆಂಡು ಉಳಿಯಿತು, ಅವಳಿಗೆ ಚಪ್ಪೆ ಹೋಯಿತು. ಜೊತೆಗಿರಲು ಯಾರೂ ಇರಲಿಲ್ಲ. ಅವಳ ಬೆಡ್‌ಪ್ಯಾನನ್ನು ಎರಡನೇ ದಿನದಿಂದ ಸಿದ್ದಲಿಂಗಮ್ಮನೇ ತೆಗೆದಳು. ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆಪರೇಷನ್ ದಿನ ಸಣ್ಣಮಾದಯ್ಯನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಹಸಿರು ಬಟ್ಟೆ ತೊಡಿಸಿ, ಬಾಗಿಲ ತನಕ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ಅಲ್ಲಿ ಮ್ಯಾನೇಜರು ಸುಪ್ರೀತ್ ಬಂದ. ಜೇನಿನಲ್ಲಿ ಅದ್ದಿ ತೆಗೆದಂಥ ಮನುಷ್ಯ. ಅವನ ಮಾತಿನ ಹಿಂದೆ ಇರುವೆ ಸಾಲು ಬರುತ್ತಿತ್ತು.

"ಅಮ್ಮಾ, ಪ್ಯಾಕೇಜಲ್ಲಿ ಬರೋದು ಮಾಮೂಲಿ ಗುಂಡು. ಹತ್ತು ವರ್ಷ ಬಂದ್ರೆ ಹೆಚ್ಚು. ನಮ್ಮ ಹತ್ರ ಫಾರಿನ್ ಗುಂಡಿದೆ. ಮೂವತ್ತು ವರ್ಷ ಗ್ಯಾರಂಟಿ. ಇಪ್ಪತ್ತೆರಡು ಸಾವಿರ ಆಗುತ್ತೆ. ನಿಮ್ಮಿಷ್ಟ. ಬಲವಂತ ಇಲ್ಲ."

ಮಲಗಿದ್ದಲ್ಲಿಂದಲೇ ಸಣ್ಣಮಾದಯ್ಯ ಅಂದ, "ನಂಗೆ ಅರವತ್ತೆರಡು ಸಾರ್. ನಾನೋದ್ಮೇಲೆ ಆ ಗುಂಡಿಟ್ಕಂಡು ನನ್ನೆಂಡ್ತಿ ಏನ್ ಮಾಡಾಳು?"

"ಜೋಕು ಚೆನ್ನಾಗಿದೆ. ಆದ್ರೆ ಮಾಮೂಲಿ ಗುಂಡು ಸ್ಟಾಕಿಲ್ಲ. ಬರೋಕೆ ಒಂದು ವಾರ ಆಗಬಹುದು, ಎರಡು ವಾರಾನೂ ಆಗಬಹುದು. ಅಲ್ಲೀತನಕ ಹೀಗೇ."

ಹೀಗೇ ಅಂದರೆ ನೋವು. ಮಗ್ಗುಲಾದರೆ ಸಣ್ಣಮಾದಯ್ಯ ಹಲ್ಲು ಕಚ್ಚುತ್ತಿದ್ದ ಶಬ್ದ ಸಿದ್ದಲಿಂಗಮ್ಮನಿಗೆ ಮೂರು ದಿನದಿಂದ ಕೇಳಿಸುತ್ತಿತ್ತು. ಅವಳು ಮಂಡಿ ಮೊಹಲ್ಲಾದ ಗಿರವಿ ಅಂಗಡಿಗೆ ಹೋದಳು. ಕಿವಿಯ ಓಲೆ ಬಿಚ್ಚಿದಳು. ಇಪ್ಪತ್ತಾರು ವರ್ಷ ಬಿಚ್ಚಿರದ ತಿರುಪು, ಸೋಪು ಹಚ್ಚಿ ತಿರುಗಿಸಬೇಕಾಯಿತು. ರಕ್ತ ಬಂತು. ದುಡ್ಡೂ ಬಂತು. ಸುಪ್ರೀತ್ ಎಣಿಸಿಕೊಂಡು ಅಂಗೈಯಗಲದ ಬಿಳಿ ಚೀಟಿ ಕೊಟ್ಟ. ಅದರಲ್ಲಿ ಆಸ್ಪತ್ರೆಯ ಹೆಸರಿಲ್ಲ, ಸೀಲಿಲ್ಲ. '22' ಎಂದಷ್ಟೇ ಇತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆ ವಿಷಯದಲ್ಲಿ ಡಾಕ್ಟರ ಕೈ ದೊಡ್ಡದು. ಮೂರನೇ ದಿನಕ್ಕೆ ಸಣ್ಣಮಾದಯ್ಯ ವಾಕರ್ ಹಿಡಿದು ಹತ್ತು ಹೆಜ್ಜೆ ಇಟ್ಟ. ಅವನನ್ನು ಕೇಳಿದರೆ ಹತ್ತು ಮೈಲಿ ಅನ್ನುತ್ತಾನೆ. ಮಾರನೇ ಬೆಳಿಗ್ಗೆ ತನುಶ್ರೀ ಫೈಲುಗಳನ್ನು ಹಿಡಿದು ವಾರ್ಡಿಗೆ ಬಂದಳು. ಗುಂಡು ಬಂದ ಡಬ್ಬಿಯ ಸ್ಟಿಕರನ್ನು ಕಿತ್ತು ಅವರವರ ಫೈಲಿಗೆ ಅಂಟಿಸಬೇಕು, ಅದನ್ನೂ ಬೆಂಗಳೂರಿಗೆ ಕಳಿಸಬೇಕು. ಅದು ನಿಯಮ. ಪ್ರೇಮಲೀಲಾಳ ಹಾಸಿಗೆಯ ಅಂಚಿನ ಮೇಲೆ ಸ್ಟಿಕರ್ ಅಂಟಿಸಿದ ಎರಡು ಫೈಲು ಪಕ್ಕಪಕ್ಕ ತೆರೆದಿದ್ದವು.

ಸಿದ್ದಲಿಂಗಮ್ಮ ಬೆಡ್‌ಪ್ಯಾನ್ ಹಿಡಿದವಳು ಹಾಗೇ ನಿಂತಳು.

"ಇದ್ಯಾರ್ದು ಮಗ?"

"ಪ್ರೇಮಲೀಲಮ್ಮಂದು. ಇದು ನಿಮ್ಮೆಜಮಾನ್ರದು."

"ಎಲ್ಡೂ ಒಂದೇ ಅಂಗಡಿ ಪಾತ್ರೆ."

"ಅಂದ್ರೆ?"

"ನೀಲಿ ಪಟ್ಟಿ. ಮೂಲೇಲಿ ಮೂರು ಚುಕ್ಕಿ. ಕೆಳಗೆ ಎಲ್ಡು ದಪ್ಪ ಗೀಟು, ಒಂದು ಸಣ್ಣ ಗೀಟು. ಏನವ್ವ ಪ್ರೇಮ, ನಿಂದು ಮಾಮೂಲಿ ಗುಂಡಾ?"

ದಿಂಬಿನಿಂದ ತಲೆಯೆತ್ತಿ ಪ್ರೇಮಲೀಲಾ ಎಂದಳು, "ಎಲ್ಲಿ ಮಾಮೂಲಿ ಅಕ್ಕ? ನಂದೂ ಫಾರಿನ್ನೇ. ಎಲ್ಡು ಆಡು ಮಾರಿ ಹದಿನೆಂಟು ಸಾವ್ರ ಕೊಟ್ಟೆ."

"ನಂದೂ," ಎಂದಿತು ಕಿಟಕಿಯ ಪಕ್ಕದ ಹಾಸಿಗೆ. "ನಂದು ಹದಿನೈದು," ಎಂದಿತು ಬಾಗಿಲ ಬಳಿಯ ಹಾಸಿಗೆ. ಎಂಟು ಹಾಸಿಗೆಯಲ್ಲಿ ಏಳು ಹಾಸಿಗೆ ಫಾರಿನ್ನು! ಮೈಸೂರಿನ ವಿಮಾನ ನಿಲ್ದಾಣಕ್ಕೂ ಇಷ್ಟು ಫಾರಿನ್ ಬಂದಿಳಿದಿರಲಿಲ್ಲ.

ಸಿದ್ದಲಿಂಗಮ್ಮ ತನುಶ್ರೀಯ ಮುಖ ನೋಡಿದಳು. "ನಿಂಗೆ ಗೊತ್ತಿತ್ತಾ?"

ತನುಶ್ರೀ ಫೈಲು ಮುಚ್ಚಿದಳು. "ಎಲ್ಲರಿಗೂ ಬರೋದು ಒಂದೇ ಗುಂಡು ಕಣಮ್ಮ. ಅದ್ರ ದುಡ್ಡು ಪ್ಯಾಕೇಜಲ್ಲೇ ಇದೆ. ಯಾರಾದ್ರೂ ಬಾಯಿ ಬಿಟ್ಟು ಹೇಳಿದ್ರೆ ನಾನು ಕಳಿಸಬಹುದು. ಎಲ್ಲರೂ ವಿಡಿಯೊದಲ್ಲಿ ನಕ್ಕೊಂಡು ಉಚಿತ ಅಂತಾರೆ. ನಾನೇನು ಮಾಡ್ಲಿ?"

ಹೊರಡುವ ದಿನ ಬಂತು. ಸುಪ್ರೀತನೂ ಬಂದ, ಗೋಡೆಗೆ ಯೋಜನೆಯ ಬ್ಯಾನರು ಕಟ್ಟಿಸಿದ. ಸಣ್ಣಮಾದಯ್ಯನಿಗೆ ತಲೆ ಬಾಚಿಸಿದ, ಅವನ ಕೈಗೊಂದು ಬಾಳೆಹಣ್ಣು ಕೊಟ್ಟ. ತನುಶ್ರೀ ಟ್ಯಾಬ್ ಎತ್ತಿ ಹಿಡಿದಳು.

"ಅಮ್ಮಾ, ಯಜಮಾನರ ಪಕ್ಕ ನಿಂತ್ಕೊಳಿ. ಉಚಿತವಾಗಿ ಆಯ್ತು ಅನ್ನಿ. ಸ್ವಲ್ಪ ನಗಿ."

ಸಿದ್ದಲಿಂಗಮ್ಮ ನಿಂತಳು. ನಗಲಿಲ್ಲ. ಏನೂ ಹೇಳಲೂ ಇಲ್ಲ. ಅವಳು ಹಾಗೆ ತುಟಿ ಬಿಗಿದರೆ ದಸರಾ ಆನೆ ಎಳೆದರೂ ಬಿಡಿಸಲಾಗದು.

"ನಗಿ ಅಮ್ಮಾ."

"ಬರಾಕಿಲ್ಲ."

"ಯಾಕೆ ಬರಲ್ಲ?"

"ನನ್ನ ನಗ ನೀವಿಸ್ಕಂಡಿದೀರಿ. ಇಪ್ಪತ್ತೆರಡು ಸಾವ್ರ. ಕೊಟ್ಬುಡಿ, ನಗ್ತೀನಿ."

ಸುಪ್ರೀತನ ಜೇನು ಸ್ವಲ್ಪ ಗಟ್ಟಿಯಾಯಿತು. "ಅದು ಫಾರಿನ್ ಗುಂಡಿಂದು."

"ಫಾರಿನ್ನು ಬುಡಿ ಸಾರ್. ನಾನು ಹತ್ತೊಂಬತ್ತು ವರ್ಷದಿಂದ ಪಾತ್ರೆ ಗುರುತು ನೋಡ್ದೋಳು. ನಂದೂ ಪ್ರೇಮಂದೂ ಒಂದೇ ಡಬ್ಬಿ."

"ನೋಡಿ, ಸರ್ಕಾರ ಕೊಡೋ ರೇಟು ನಮಗೆ ಗಿಟ್ಟಲ್ಲ. ಅದೂ ತಿಂಗಳುಗಟ್ಟಲೆ ಆದ್ಮೇಲೆ ಹಾಕ್ತಾರೆ. ನಾವೆಲ್ಲಿಗೆ ಹೋಗಬೇಕು?"

"ನಂಗೂ ಮಂಟಪದೋರು ಮೂರು ತಿಂಗಳಿಗೊಂದು ಸಲ ಕೊಡ್ತಾರೆ. ಅದ್ಕೆ ನಾನು ನಿಮ್ಮೆಂಡ್ತಿ ಕಿವೀಲಿರೋದ್ನ ಬಿಚ್ಚಿಸ್ಕಂಡ್ನಾ?"

ಯಾರೋ ಕಿಸಕ್ಕೆಂದರು. ಬಾಗಿಲ ಬಳಿಯ ಹಾಸಿಗೆ ಇರಬೇಕು. ಸುಪ್ರೀತ್ ಬ್ಯಾನರು ಬಿಚ್ಚಿಸಿದ. "ಹಾಗಾದ್ರೆ ಡಿಸ್ಚಾರ್ಜ್ ಇಲ್ಲ. ಇರಿ ಇಲ್ಲೇ. ಇವತ್ತಿಂದ ಬೆಡ್ ಚಾರ್ಜು ನಿಮ್ಮದು."

ತನುಶ್ರೀ ಟ್ಯಾಬ್ ನೋಡಿಕೊಂಡೇ, ಯಾರಿಗೂ ಅಲ್ಲವೆಂಬಂತೆ ಎಂದಳು, "ಬೆಡ್ ಪ್ಯಾಕೇಜಲ್ಲೇ ಬರುತ್ತೆ. ಊಟಾನೂ."

ಐದು ದಿನ ಇದ್ದರೂ ಅಷ್ಟೇ, ಐವತ್ತು ದಿನ ಇದ್ದರೂ ಅಷ್ಟೇ. ಸಿದ್ದಲಿಂಗಮ್ಮ ಕೂತಳು. ಕಟ್ಟಿಟ್ಟಿದ್ದ ಗಂಟು ಬಿಚ್ಚಿ ತಟ್ಟೆ, ಲೋಟ ಹೊರಗೆ ತೆಗೆದಳು. "ಸಾಂಬಾರು ನೀರಾಗದೆ, ನಾಳೆಯಿಂದ ಒಸಿ ಬ್ಯಾಳೆ ಹಾಕ್ಸಿ ಸಾರ್," ಎಂದು ಸಣ್ಣಮಾದಯ್ಯ ಬಾಳೆಹಣ್ಣು ಸುಲಿದ.

ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿ ಬಡವರು ಒಳಗೆ ಬಿಡಿ ಎಂದು ಬಾಗಿಲು ಬಡಿಯುತ್ತಾರೆ. ದಯಮಾಡಿ ಹೊರಗೆ ಹೋಗಿ ಎಂದು ಆಸ್ಪತ್ರೆಯೇ ಬಡವರ ಕಾಲು ಹಿಡಿದದ್ದು ಭೂಮಂಡಲದಲ್ಲಿ ಇದೊಂದೇ ಸಲ, ಇದೊಂದೇ ವಾರ್ಡಿನಲ್ಲಿ. ಮೊದಲ ದಿನ ಸುಪ್ರೀತ್ ಗದರಿಸಿದ. ಎರಡನೇ ದಿನ, "ಹೀಗೆ ಮಾಡಿದ್ರೆ ನಾವು ಸ್ಕೀಮೇ ಬಿಟ್ಬಿಡ್ತೀವಿ. ಆಮೇಲೆ ನಿಮ್ಮ ಜನರೇ ಅನುಭವಿಸೋದು" ಎಂದ. ಆ ಮಾತು ಸಿದ್ದಲಿಂಗಮ್ಮನಿಗೆ ಚುಚ್ಚಿತು. ಒಂದಿಡೀ ಮಧ್ಯಾಹ್ನ ಅವಳು ಗಂಡನ ಕಾಲು ತಿಕ್ಕುತ್ತ ಅದನ್ನೇ ಯೋಚಿಸಿದಳು. ತನ್ನಿಂದ ನಾಳೆ ಬರುವ ಇನ್ನೊಬ್ಬ ಹಮಾಲಿಗೆ ಬಾಗಿಲು ಮುಚ್ಚಿದರೆ?

"ಬುಟ್ಬುಡನಾ?" ಎಂದಳು ಮೆಲ್ಲಗೆ.

"ಆ ಇನ್ನೊಬ್ಬನತ್ರಾನೂ ಇಪ್ಪತ್ತೆರಡು ಕೇಳ್ತಾರಲ್ಲಮ್ಮಿ," ಎಂದ ಸಣ್ಣಮಾದಯ್ಯ. ಅಷ್ಟೇ. ಅವನು ವರ್ಷಕ್ಕೊಂದು ಸಲ ಬುದ್ಧಿವಂತಿಕೆಯ ಮಾತಾಡುತ್ತಿದ್ದ. ಆ ವರ್ಷದ್ದು ಆಯಿತು.

ಮೂರನೇ ದಿನ ಹಾಸಿಗೆಯ ಬಟ್ಟೆ ಬದಲಾಯಿಸುವುದನ್ನು ನಿಲ್ಲಿಸಿದರು. ಬರೀ ಸ್ಕೀಮ್ ನಾಲ್ಕಕ್ಕಲ್ಲ, ಇಡೀ ವಾರ್ಡಿಗೆ, ಬುದ್ಧಿ ಬರಲೆಂದು. ಬಟ್ಟೆ ನಾರಿತು. ಪ್ರೇಮಲೀಲಾಳ ಬೆನ್ನಿನಲ್ಲಿ ಹುಣ್ಣಾಗುವ ಲಕ್ಷಣ ಕಂಡಿತು. ಸಿದ್ದಲಿಂಗಮ್ಮ ಎದ್ದಳು. ಸೀರೆ ಎತ್ತಿ ಸಿಕ್ಕಿಸಿದಳು. ಎಂಟು ಹಾಸಿಗೆಯ ಬಟ್ಟೆ ಎಳೆದಳು. ಬಚ್ಚಲಲ್ಲಿ ಹಾಕಿ ತುಳಿದಳು, ಕುಕ್ಕಿದಳು, ಹಿಂಡಿದಳು. ಎಂಟುನೂರು ಜನರ ಪಾತ್ರೆ ತಿಕ್ಕಿದ ತೋಳಿಗೆ ಎಂಟು ದುಪ್ಪಟಿ ಯಾವ ಲೆಕ್ಕ? ಆದರೆ ಒಣಗಿಸುವುದು ಎಲ್ಲಿ? ಹಿಂದುಗಡೆ ಜನರೇಟರಿನ ಹೊಗೆ. ಅವಳು ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿದಳು. ಮುಂಭಾಗದಲ್ಲಿ, ಆಸ್ಪತ್ರೆಯ ಹೆಸರಿನ ಬೋರ್ಡಿನ ಮೇಲೆಯೇ, ಉದ್ದನೆಯ ಬಾಲ್ಕನಿ ಸಿಕ್ಕಿತು. ಒಳ್ಳೆ ಬಿಸಿಲು.

ಗಾಜಿನ ಆಸ್ಪತ್ರೆಯ ಹಣೆಯ ಮೇಲೆ ಎಂಟು ಹಳೆ ದುಪ್ಪಟಿ ಹಾರಾಡಿದವು. ಒಂದೊಂದರಲ್ಲೂ ತೊಳೆದರೂ ಹೋಗದ ಕಲೆ. ಕೊನೆಯಲ್ಲಿ ಸಣ್ಣಮಾದಯ್ಯನ ಪಟ್ಟಾಪಟ್ಟಿ ಚಡ್ಡಿ. ಅದು ಗಾಳಿ ತುಂಬಿಕೊಂಡು ಉಬ್ಬಿದ್ದು ರಿಂಗ್ ರೋಡಿನ ಎರಡೂ ಕಡೆಯಿಂದ ಕಾಣುತ್ತಿತ್ತು. ಕಾರಿನಲ್ಲಿ ಬಂದ ನಗದು ಪೇಷೆಂಟುಗಳು ಕೆಳಗಿಳಿದು ತಲೆಯೆತ್ತಿ ನೋಡಿದರು. ಇಬ್ಬರು ಮತ್ತೆ ಕಾರು ಹತ್ತಿದರು.

ಓಡಿಬಂದ ಸುಪ್ರೀತ್ ಏದುಸಿರು ಬಿಡುತ್ತಿದ್ದ. "ತೆಗೀರಿ ಅದನ್ನ! ಮೊದಲು ತೆಗೀರಿ!"

"ಒಣಗ್ಲಿ ಸಾರ್. ಅಸೀದು ಹಾಸುದ್ರೆ ನೆಗಡಿ ಆಯ್ತದೆ."

ಅವನು ಜೇಬಿನಿಂದ ಕವರು ತೆಗೆದ. ಎಣಿಸಿಯೇ ತಂದಿದ್ದ. ಸಿದ್ದಲಿಂಗಮ್ಮ ಒದ್ದೆ ಕೈ ಒರೆಸಿಕೊಂಡು ತಾನೂ ಎಣಿಸಿದಳು. ಇಪ್ಪತ್ತೆರಡು ಸಾವಿರ. ಬರಿದಾದ ಕಿವಿ ಮುಟ್ಟಿ ನೋಡಿಕೊಂಡಳು.

ವಾರ್ಡಿನಲ್ಲಿ ಮತ್ತೆ ಬ್ಯಾನರು ಏರಿತು. ಮತ್ತೆ ತಲೆ ಬಾಚಿದರು. ಸಣ್ಣಮಾದಯ್ಯ ಆಗಲೇ ನಗುತ್ತಿದ್ದ, ಮನೆಗೆ ಹೋಗುವ ಸಂತೋಷಕ್ಕೆ. ತನುಶ್ರೀ ಟ್ಯಾಬ್ ಎತ್ತಿದಳು.

"ಯಾರಿಗೂ ಹೇಳಬೇಡಿ, ಆಯ್ತಾ?" ಸುಪ್ರೀತ್ ಪಿಸುಗುಟ್ಟಿದ. "ಈಗ ಹೇಳಿ. ಉಚಿತ."

ಸಿದ್ದಲಿಂಗಮ್ಮ ಪರದೆ ಸರಿಸಿದಳು. ಪ್ರೇಮಲೀಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದವಳ ಹೆಗಲು ಅಷ್ಟು ಬಿಗಿಯಾಗಿರುವುದಿಲ್ಲ.

"ಪ್ರೇಮಂದು?"

"ಅದು ಬೇರೆ ವಿಷಯ."

"ಒಂದೇ ಡಬ್ಬಿ."

"ಅಮ್ಮಿ," ಎಂದ ಸಣ್ಣಮಾದಯ್ಯ, "ನಮ್ದು ಬಂತಲ್ಲ. ಮನೆಗೋಗನ ಬಾ."

ಅವಳು ಗಂಡನನ್ನು ನೋಡಿದಳು. ಅವನು ಸೂರು ನೋಡಿದ. ನೆಲ ನೋಡಿದ. ಪ್ರೇಮಲೀಲಾಳ ಹೆಗಲು ನೋಡಿದ. ಬಾಚಿದ್ದ ತಲೆಯನ್ನು ಕೈಯಿಂದ ಕೆದರಿಕೊಂಡು ಹಾಸಿಗೆಯ ಮೇಲೆ ಒರಗಿದ. "ಇನ್ನೊಂದು ಬಾಳೆಹಣ್ಣು ಕೊಡಿ ಸಾರ್. ಎಂಗೂ ಲೇಟಾಯ್ತದೆ."

ಲೇಟಾಯಿತು. ಸಂಜೆ ನಾಲ್ಕರ ತನಕ ಆಯಿತು. ಕಿಟಕಿಯ ಪಕ್ಕದವರು ತಮ್ಮ ಬಿಳಿ ಚೀಟಿ ದಿಂಬಿನ ಕೆಳಗಿಂದ ತೆಗೆದರು. ಬಾಗಿಲ ಬಳಿಯವರು ಚೀಟಿ ಕಳೆದಿದ್ದರು, ಆದರೆ ಏಳು ಜನ ಸಾಕ್ಷಿ ಇದ್ದರು. ಬಾಲ್ಕನಿಯಲ್ಲಿ ಚಡ್ಡಿ ಇನ್ನೂ ಹಾರುತ್ತಲೇ ಇತ್ತು. ಇನ್ನೂ ಆರು ಕವರು ಬಂದವು. ಪ್ರೇಮಲೀಲಾ ತನ್ನದನ್ನು ಎಣಿಸಲಿಲ್ಲ. ಎದೆಗೊತ್ತಿ ಹಿಡಿದಳು.

ಆಮೇಲೆ ವಿಡಿಯೊ. ಸಿದ್ದಲಿಂಗಮ್ಮ ಕ್ಯಾಮೆರಾ ನೋಡಿದಳು. ಕೇಳಿದ್ದಕ್ಕಿಂತ ಅಗಲವಾಗಿಯೇ ನಕ್ಕಳು. ಅಂದಳು:

"ಚಿಕಿತ್ಸೆ ಈಗ ಉಚಿತ ಆಯ್ತು."

"'ಈಗ' ಬೇಡ ಅಮ್ಮಾ," ಎಂದ ಸುಪ್ರೀತ್. "ಬರೀ ಉಚಿತ ಅನ್ನಿ."

"ಈಗ ಉಚಿತ ಆಯ್ತು."

"ಆ 'ಈಗ' ಯಾಕೆ?"

"ಮೊದ್ಲು ಆಗಿರ್ನಿಲ್ವಲ್ಲ ಸಾರ್. ಸುಳ್ಳೇಳ್ಲಾ?"

ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಈಗ. ಪ್ರೇಮಲೀಲಾ ಮಲಗಿದ್ದಲ್ಲಿಂದಲೇ ಈಗ. ಕಿಟಕಿಯ ಪಕ್ಕ ಈಗ, ಬಾಗಿಲ ಬಳಿ ಈಗ. ಸುಪ್ರೀತ್ ಕೈ ಚೆಲ್ಲಿ ತನುಶ್ರೀಗೆ ಹೇಳಿದ, "ಅದೊಂದು ಪದ ಕಟ್ ಮಾಡಿ ಕಳಿಸಿ."

ತನುಶ್ರೀ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದಳು. "ಕಟ್ ಮಾಡೋಕೆ ನಂಗೆ ಬರಲ್ಲ ಸಾರ್." ಮೂರು ವರ್ಷದಿಂದ ತಂಗಿಯ ಮದುವೆ ವಿಡಿಯೊ ಕತ್ತರಿಸಿ ಹಾಡು ಸೇರಿಸಿ ಇಡೀ ಕುವೆಂಪುನಗರಕ್ಕೆ ಹಂಚಿದ ಹುಡುಗಿ! ಬೆರಳಿಂದ ಒತ್ತಿದಳು. ಏಳು ಮುಖಗಳೂ ಬೆಂಗಳೂರಿಗೆ ಹೋದವು.

ಇಪ್ಪತ್ತು ದಿನ ಕಳೆಯಿತು. ಬೋಗಾದಿಯ ಮಂಟಪದಲ್ಲಿ ಸಾವಿರದ ಇನ್ನೂರು ಎಲೆಯ ಮದುವೆ. ಸಿದ್ದಲಿಂಗಮ್ಮ ಅರ್ಧ ಮೈ ಹಂಡೆಯೊಳಗೆ ಇಳಿದಿದ್ದಾಗ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಅವಳು ಹೊರಗೆ ಬಂದಳು. ಮೊಣಕೈಯಿಂದ ನೊರೆ ಇಳಿಯುತ್ತಿತ್ತು.

"ನಮಸ್ಕಾರ ಅಮ್ಮ. ಬೆಂಗಳೂರಿಂದ, ಆರೋಗ್ಯ ಯೋಜನೆ ಆಫೀಸಿಂದ ಮಾತಾಡ್ತಾ ಇರೋದು. ಸಿದ್ದಲಿಂಗಮ್ಮ ಅವರಾ?"

"ಹೂಂ ಕಣವ್ವ."

"ನಿಮ್ಮ ವಿಡಿಯೊ ನೋಡಿದ್ವಿ. ಅದ್ರಲ್ಲಿ 'ಈಗ ಉಚಿತ' ಅಂದಿದೀರಿ. ಅದೇ ವಾರ್ಡಿನ ಇನ್ನೂ ಆರು ಜನ ಹಾಗೇ ಅಂದಿದಾರೆ. ದುಡ್ಡು ಹಾಕೋದು ನಿಲ್ಲಿಸಿ ಇಟ್ಟಿದೀವಿ. ಈಗ ಅಂದ್ರೆ, ಅದಕ್ಕೆ ಮೊದಲು ಏನಾಗಿತ್ತಮ್ಮ?"

ಒಳಗೆ ಓಲಗ ಜೋರಾಯಿತು. ಅಡುಗೆಯವನು ಸಂದಿಯಿಂದ ತಲೆ ಹಾಕಿ, "ಸಿದ್ದಮ್ಮ, ಹಂಡೆ! ಎರಡನೇ ಪಂಕ್ತಿಗೆ ಹಂಡೆ ಬೇಕು!" ಎಂದು ಕೂಗಿದ.

"ತಾಳಪ್ಪ, ಸರ್ಕಾರದೋರು ಮಾತಾಡ್ತಾವ್ರೆ," ಎಂದಳು ಸಿದ್ದಲಿಂಗಮ್ಮ. ಕೈ ಒರೆಸಿಕೊಂಡಳು. ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕಾಲು ನೀಡಿದಳು.

"ಕೇಳು ಮಗ. ಬರ್ಕೊಳಾಕೆ ಪೆನ್ ತಗಂಡಿದೀಯಾ?"